ಓದುಗರ ಪ್ರಶ್ನೆ–ಉತ್ತರ: ಸದನದಲ್ಲಿ ಮಂತ್ರಿ ಉತ್ತರಿಸದಿದ್ದರೆ ಹೈಕೋರ್ಟಿಗೆ ಹೋಗಬಹುದೇ?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಬೇರೆ ಬೇರೆ ರೂಪದಲ್ಲಿ ಕಾಣಿಸಿತು. ಶಾಸಕರು ಪ್ರಶ್ನೆ ಕೇಳುತ್ತಾರೆ, ಸರಿಯಾದ ಉತ್ತರ ಬರುವುದಿಲ್ಲ. ನ್ಯಾಯಾಲಯ ಏನಾದರೂ ಮಾಡಬಲ್ಲದೇ? ಅದಕ್ಕಾಗಿ ಇಡೀ ಅಂಕಣವನ್ನು ಈ ವಿಷಯಕ್ಕೇ ಬಿಟ್ಟಿದ್ದೇವೆ.

ನಮ್ಮ ಶಾಸಕರು ತೊಗರಿ ಬೆಳೆ ವಿಮೆ ಬಗ್ಗೆ ಸದನದಾಗ ಪ್ರಶ್ನೆ ಹಾಕಿದ್ರು. ಮಂತ್ರಿಗಳು ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂತ ಒಂದ್ ಸಾಲು ಬರೆದು ಕೊಟ್ಟಾರ. ಎರಡು ಅಧಿವೇಶನ ಮುಗದ್ವು, ಮುಂದೇನೂ ಇಲ್ಲ. ಕಲಬುರಗಿ ಹೈಕೋರ್ಟಿಗೆ ಹೋಗಿ ‘ಉತ್ತರ ಕೊಡಿಸ್ರಿ’ ಅಂತ ಕೇಳಬಹುದೇನ್ರಿ? — ರೈತರೊಬ್ಬರು, ಜೇವರ್ಗಿ ತಾಲ್ಲೂಕು

ಹಾಗೆಯೇ ಕೇಳಿದರೆ ಅರ್ಜಿ ನಿಲ್ಲುವುದಿಲ್ಲ. ಶಾಸಕರು ಪ್ರಶ್ನೆ ಕೇಳುವುದು ಸದನದ ನಡಾವಳಿ ನಿಯಮಗಳ ಪ್ರಕಾರ. ಆ ನಿಯಮಗಳನ್ನು ಸಂವಿಧಾನದ 208ನೇ ವಿಧಿಯ ಅಧಿಕಾರದಿಂದ ಸದನವೇ ಮಾಡಿಕೊಂಡಿದೆ. ಅವು ಪಾಲನೆಯಾಗುವಂತೆ ನೋಡಿಕೊಳ್ಳುವವರು ವಿಧಾನಸಭೆಯಲ್ಲಿ ಸಭಾಧ್ಯಕ್ಷರು, ಪರಿಷತ್ತಿನಲ್ಲಿ ಸಭಾಪತಿ. ಕಾರ್ಯವಿಧಾನದಲ್ಲಿ ಲೋಪವಾಯಿತು ಎಂಬ ಕಾರಣಕ್ಕೆ ಸದನದ ಕಲಾಪವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು 212ನೇ ವಿಧಿ ಹೇಳುತ್ತದೆ. ಕಲಾಪ ನಡೆಸುವ ಅಧಿಕಾರ ಚಲಾಯಿಸಿದ್ದಕ್ಕೆ ಸಭಾಧ್ಯಕ್ಷರನ್ನು ಕೋರ್ಟಿಗೆ ಎಳೆಯುವಂತೆಯೂ ಇಲ್ಲ.

ಈ ರಕ್ಷಣೆಗೂ ಒಂದು ಎಲ್ಲೆ ಇದೆ. ಕಾರ್ಯವಿಧಾನದ ಸಣ್ಣಪುಟ್ಟ ದೋಷ ಒಂದು, ಸಂವಿಧಾನವನ್ನೇ ಮೀರಿದ ಅಕ್ರಮ ಇನ್ನೊಂದು, ಎರಡನೆಯದನ್ನು ತಾನು ಪರಿಶೀಲಿಸಬಲ್ಲೆ ಎಂದು ಸುಪ್ರೀಂ ಕೋರ್ಟ್ 2007ರ ರಾಜಾ ರಾಮ್ ಪಾಲ್ ಪ್ರಕರಣದಲ್ಲಿ ಹೇಳಿತು. ಮಹಾರಾಷ್ಟ್ರದ 12 ಶಾಸಕರನ್ನು ಒಂದು ವರ್ಷ ಅಮಾನತು ಮಾಡಿದ ನಿರ್ಣಯವನ್ನು 2022ರ ಜನವರಿಯಲ್ಲಿ ರದ್ದು ಮಾಡಿದ್ದು ಇದೇ ದಾರಿಯಲ್ಲಿ. ಮಂತ್ರಿ ಉತ್ತರ ತಡಮಾಡಿದರು, ಅರ್ಧಂಬರ್ಧ ಕೊಟ್ಟರು ಎಂಬುದು ಆ ಮಟ್ಟದ ಅಕ್ರಮ ಎಂದು ಒಪ್ಪಿಸುವುದು ಬಹಳ ಕಷ್ಟ.

ಹಾಗೆಂದು ಸುಮ್ಮನೆ ಕೂರಬೇಡಿ, ನಿಮ್ಮ ಮುಂದೆ ಎರಡು ಕೆಲಸ ಇವೆ. ಮೊದಲನೆಯದು ಸದನದ ಒಳಗಿನದು. ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬ ಮಾತನ್ನು ಸಂಸತ್ತಿನ ರೂಢಿಯಲ್ಲಿ ಸರ್ಕಾರದ ಭರವಸೆ ಎಂದೇ ಲೆಕ್ಕ ಹಿಡಿಯುತ್ತಾರೆ, ಲೋಕಸಭೆಯಲ್ಲಿ ಅದನ್ನು ಈಡೇರಿಸಲು 3 ತಿಂಗಳ ಗಡುವಿದೆ. ನಮ್ಮ ರಾಜ್ಯದ ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ, ಉತ್ತರದ ಆ ಸಾಲು, ಈ ಮೂರನ್ನು ಬರೆದು ಸಮಿತಿಯ ಮುಂದಿಡುವಂತೆ ನಿಮ್ಮ ಶಾಸಕರನ್ನು ಕೇಳಿ. ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಲ್ಲದು. ಎಷ್ಟೋ ಶಾಸಕರು ಅಧಿವೇಶನ ಮುಗಿದ ಮೇಲೆ ಹಳೆಯ ಉತ್ತರದ ಬೆನ್ನು ಹತ್ತುವುದಿಲ್ಲ. ಆ ನೆನಪು ಹೊರಗಿನಿಂದ, ನಿಮ್ಮಂಥವರಿಂದಲೇ ಬರಬೇಕು.

ಎರಡನೆಯದು ಹೊರಗಿನದು. ನಿಮಗೆ ಕೊನೆಗೆ ಬೇಕಿರುವುದು ವಿಮೆಯ ಹಣ. ಅದನ್ನು ಕೊಡುವ ಕರ್ತವ್ಯ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲಿದೆ, ಸದನದ ನಿಯಮದಲ್ಲಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ವಿಮಾ ಘಟಕವಾಗಿದ್ದರೆ ಕನಿಷ್ಠ 4 ಬೆಳೆ ಕಟಾವು ಪ್ರಯೋಗ (ಆಯ್ದ ಹೊಲದಲ್ಲಿ ಬೆಳೆ ಕೊಯ್ದು ಇಳುವರಿ ಅಳೆಯುವುದು) ಆಗಬೇಕು. ಆ ಇಳುವರಿ ನಿಗದಿತ ಇಳುವರಿಗಿಂತ ಕಡಿಮೆ ಬಂದರೆ ಪರಿಹಾರ ಕೊಡಬೇಕು. ಗಡುವು ಮೀರಿ ತಡಮಾಡಿದ ಕಂಪನಿ ವರ್ಷಕ್ಕೆ ಶೇ 12ರ ಬಡ್ಡಿ ಸೇರಿಸಿ ಕೊಡಬೇಕು. ಆದ್ದರಿಂದ ಮಾಹಿತಿ ಹಕ್ಕಿನಲ್ಲಿ ನಿಮ್ಮ ಪಂಚಾಯಿತಿಯ ಕಟಾವು ಪ್ರಯೋಗದ ನಮೂನೆಗಳ ಪ್ರತಿ ಮತ್ತು ನಿಗದಿತ ಇಳುವರಿಯ ಅಂಕಿ ತೆಗೆದುಕೊಳ್ಳಿ. ಈ ಕಾಗದಗಳ ಮೇಲೆ ಹೂಡುವ ರಿಟ್ ಅರ್ಜಿಯನ್ನು, ಅಂದರೆ ಕರ್ತವ್ಯ ಮಾಡುವಂತೆ ಸರ್ಕಾರಕ್ಕೆ ಆದೇಶಿಸಿ ಎಂದು ಕೋರುವ ಅರ್ಜಿಯನ್ನು, ಹೈಕೋರ್ಟ್ ಆಲಿಸುತ್ತದೆ. ಮಂತ್ರಿಗಳ ಒಂದು ಸಾಲಿನ ಉತ್ತರವನ್ನೂ ಅದರ ಜೊತೆ ಲಗತ್ತಿಸಿ. ಸಮಸ್ಯೆ ಸರ್ಕಾರಕ್ಕೆ ಯಾವ ದಿನದಿಂದ ಗೊತ್ತಿತ್ತು ಎಂಬುದಕ್ಕೆ ಅದೇ ದಾಖಲೆ.

ಬೇರೆ ದೇಶಗಳಲ್ಲಿ ಶಾಸಕರು ಕೋರ್ಟಿಗೆ ಹೋಗಿ ಉತ್ತರ ಪಡೆದ ಉದಾಹರಣೆ ಇದೆಯೇ? ಭಾರತದಲ್ಲಿ ಯಾರಾದರೂ ಪ್ರಯತ್ನಿಸಿದ್ದಾರೆಯೇ? — ಕಾನೂನು ವಿದ್ಯಾರ್ಥಿ, ಭಾಲ್ಕಿ

ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಜರ್ಮನಿ. ಅಲ್ಲಿ ಸಂವಿಧಾನದ ಒಂದು ಅಂಗ ಇನ್ನೊಂದರ ಮೇಲೆ ದಾವೆ ಹೂಡುವುದಕ್ಕೆ ಸಂವಿಧಾನ ನ್ಯಾಯಾಲಯದಲ್ಲಿ ಪ್ರತ್ಯೇಕ ವಿಧಾನವೇ ಇದೆ. ಉತ್ತರ ನಿರಾಕರಿಸಿದ ಆರು ತಿಂಗಳೊಳಗೆ ಹೋಗಬೇಕು. ಸರ್ಕಾರಿ ಒಡೆತನದ ರೈಲ್ವೆ ಕಂಪನಿ ಮತ್ತು ಬ್ಯಾಂಕುಗಳ ಮೇಲ್ವಿಚಾರಣೆ ಕುರಿತ ಪ್ರಶ್ನೆಗಳಿಗೆ ಸರ್ಕಾರ ಸರಿಯಾಗಿ ಉತ್ತರಿಸದೆ ಸದಸ್ಯರ ಹಕ್ಕನ್ನು ಉಲ್ಲಂಘಿಸಿದೆ ಎಂದು ಆ ನ್ಯಾಯಾಲಯ 2017ರ ನವೆಂಬರ್ 7ರಂದು ತೀರ್ಪಿತ್ತಿತು. ಆದರೆ ಸಂಪುಟದೊಳಗೆ ತೀರ್ಮಾನಕ್ಕೆ ಮುಂಚೆ ನಡೆಯುವ ಚರ್ಚೆಯನ್ನು ಬಿಚ್ಚಿಡಬೇಕಾಗಿಲ್ಲ ಎಂಬುದೂ ಅಲ್ಲಿ ನೆಲೆಗೊಂಡ ತತ್ವ. ಶಸ್ತ್ರಾಸ್ತ್ರ ರಫ್ತಿನ ಕುರಿತ 2014ರ ತೀರ್ಪಿನಲ್ಲಿ ಆ ಗೆರೆ ಎಳೆದಿದ್ದಾರೆ: ಅನುಮತಿ ಕೊಟ್ಟಾದ ಮೇಲೆ ಕೊಟ್ಟ ಸಂಗತಿ ತಿಳಿಸಬೇಕು, ಅದಕ್ಕೆ ಮೊದಲಿನ ಸಮಾಲೋಚನೆ ಗೋಪ್ಯ.

ಬ್ರಿಟನ್ನಿನಲ್ಲಿ ಈ ಬಾಗಿಲು ಮುಚ್ಚಿದೆ. ಸಂಸತ್ತಿನ ಕಲಾಪವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದು ಎಂಬ 1689ರ ಶಾಸನ ಇಂದಿಗೂ ಜಾರಿಯಲ್ಲಿದೆ, ನಮ್ಮ 212ನೇ ವಿಧಿಯ ಬೇರು ಇರುವುದೂ ಅಲ್ಲಿಯೇ. ಆದರೂ 2019ರಲ್ಲಿ ಪ್ರಧಾನಿ ಸುಮಾರು ಐದು ವಾರ ಅಧಿವೇಶನವನ್ನೇ ಮುಂದೂಡಿಸಿದಾಗ ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಅಸಿಂಧು ಎಂದರು. ಮಂತ್ರಿಯ ಒಂದೊಂದು ಉತ್ತರವನ್ನು ಕೋರ್ಟ್ ತೂಗುವುದಿಲ್ಲ; ಉತ್ತರ ಕೇಳುವ ಜಾಗಕ್ಕೇ ಬೀಗ ಬಿದ್ದರೆ ಮಾತ್ರ ನೋಡುತ್ತದೆ.

ಭಾರತದಲ್ಲಿ ತೀರ ಹತ್ತಿರದ ಪ್ರಕರಣ ದೆಹಲಿಯದು. ಮಹಾಲೇಖಪಾಲರ (ಸಿಎಜಿ) 14 ವರದಿಗಳನ್ನು ಸದನದಲ್ಲಿ ಮಂಡಿಸುತ್ತಿಲ್ಲ ಎಂದು ವಿರೋಧ ಪಕ್ಷದ 7 ಶಾಸಕರು ಹೈಕೋರ್ಟಿಗೆ ಹೋದರು. 2025ರ ಜನವರಿ 24ರ ತೀರ್ಪನ್ನು ನೀವು ಪೂರ್ತಿ ಓದಲೇಬೇಕು. ವರದಿ ಮಂಡಿಸುವುದು ಸಂವಿಧಾನದ ಕಡ್ಡಾಯ, ಸರ್ಕಾರ ಅತಿಯಾಗಿ ತಡಮಾಡಿದೆ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಆದರೆ ವಿಶೇಷ ಬೈಠಕ್ ಕರೆಯಿರಿ ಎಂದು ಸಭಾಧ್ಯಕ್ಷರಿಗೆ ಆದೇಶಿಸಲು ಒಪ್ಪಲಿಲ್ಲ. ನಮ್ಮ ನ್ಯಾಯಾಲಯಗಳ ಮನಸ್ಸು ಇದರಲ್ಲಿ ಚೆನ್ನಾಗಿ ಕಾಣುತ್ತದೆ: ಸರ್ಕಾರದ ಕರ್ತವ್ಯ ಬೇರೆ, ಸದನದ ಬಾಗಿಲೊಳಗಿನ ಕಲಾಪ ಬೇರೆ.

371ಜೆ ಪ್ರಕಾರ ನಮ್ಮ ಮಂಡಳಿಯ ವರದಿ ಪ್ರತಿ ವರ್ಷ ವಿಧಾನಸಭೆಗೆ ಬರಬೇಕಂತೆ. ಬರದಿದ್ದರೆ ಕೋರ್ಟಿನಲ್ಲಿ ಕೇಳಬಹುದೇ? — ನಿವೃತ್ತ ಉಪನ್ಯಾಸಕರು, ಕಲಬುರಗಿ

ಈ ಕಂತೆಯಲ್ಲಿ ನಮಗೆ ಅತ್ಯಂತ ಮಹತ್ವದ್ದು ಎನಿಸಿದ ಪ್ರಶ್ನೆ ಇದು. ನೀವು ಹೇಳಿದ್ದು ಖರೆ. 98ನೇ ತಿದ್ದುಪಡಿಯಿಂದ ಬಂದು 2013ರ ಅಕ್ಟೋಬರ್ 1ರಿಂದ ಜಾರಿಯಾದ 371ಜೆ ವಿಧಿಯು ನಮ್ಮ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಸ್ಥಾಪನೆಯ ಜೊತೆಗೇ, ಅದರ ಕಾರ್ಯವೈಖರಿಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡುವುದನ್ನೂ ಹೇಳಿದೆ. ಪ್ರಶ್ನೋತ್ತರದ ಹಕ್ಕು ಸದನದ ನಿಯಮದಿಂದ ಬಂದದ್ದು. ಈ ವರದಿಯ ಮಾತು ಇರುವುದು ಸಂವಿಧಾನದಲ್ಲೇ. ಆದ್ದರಿಂದ ಇಲ್ಲಿ ನೆಲ ಗಟ್ಟಿ.

ಎದುರು ಪಕ್ಷದವರು 1979ರ ಅಟ್ಲಾಸ್ ಸೈಕಲ್ ತೀರ್ಪನ್ನು ಮುಂದೆ ಹಿಡಿಯುತ್ತಾರೆ. ಸುಮ್ಮನೆ ‘ಸದನದ ಮುಂದಿಡಬೇಕು’ ಎಂದಷ್ಟೇ ಇದ್ದರೆ ಅದು ಸೂಚನೆಯ ಸ್ವರೂಪದ್ದು, ಇಡದಿದ್ದರೂ ಮೂಲ ಆದೇಶ ಅಸಿಂಧುವಾಗದು ಎಂದಿತು ಆ ತೀರ್ಪು. ಅದಕ್ಕೆ ನಿಮ್ಮ ಉತ್ತರ ಹೀಗಿರಲಿ. ಅದು ಶಾಸನವೊಂದರ ಅಡಿಯ ಆದೇಶದ ವಿಷಯ, ಇದು ಸಂವಿಧಾನದ ನೇರ ಮಾತು. ಸುಗ್ರೀವಾಜ್ಞೆಗಳನ್ನು ಶಾಸನಸಭೆಯ ಮುಂದಿಡುವುದು ಕಡ್ಡಾಯ ಎಂದು ಏಳು ನ್ಯಾಯಮೂರ್ತಿಗಳ ಪೀಠ 2017ರ ಕೃಷ್ಣಕುಮಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಜೊತೆಗೆ ನೀವು ಯಾವುದನ್ನೂ ಅಸಿಂಧು ಮಾಡಿ ಎಂದು ಕೇಳುತ್ತಿಲ್ಲ, ವರದಿ ಇಡಿ ಎಂದಷ್ಟೇ ಕೇಳುತ್ತಿದ್ದೀರಿ.

ಅರ್ಜಿ ಬರೆಯುವ ಮುಂಚೆ ಸಂಗತಿ ಖಚಿತ ಮಾಡಿಕೊಳ್ಳಿ. ಯಾವ ವರ್ಷದ ವರದಿ ಯಾವ ದಿನಾಂಕದಂದು ಮಂಡನೆಯಾಯಿತು ಎಂದು ವಿಧಾನಸಭೆ ಸಚಿವಾಲಯಕ್ಕೆ ಒಂದು, ವರದಿ ಸಿದ್ಧವಾಗಿ ಸರ್ಕಾರಕ್ಕೆ ಕಳಿಸಿದ ದಿನಾಂಕ ಯಾವುದು ಎಂದು ಕಲಬುರಗಿಯಲ್ಲೇ ಇರುವ ಮಂಡಳಿಗೆ ಒಂದು, ಹೀಗೆ ಎರಡು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎರಡೂ ಉತ್ತರ ಅಕ್ಕಪಕ್ಕ ಇಟ್ಟರೆ ವರದಿ ಎಲ್ಲಿ ಕೂತಿದೆ ಎಂದು ತಿಳಿಯುತ್ತದೆ. ಪ್ರತಿವಾದಿ ಸರ್ಕಾರವಾಗಿರಲಿ, ಸಭಾಧ್ಯಕ್ಷರನ್ನು ಸೇರಿಸಬೇಡಿ. ದೆಹಲಿಯ ತೀರ್ಪಿನ ಪಾಠ ಅದೇ.

ಪ್ರಶ್ನೆಯನ್ನು ಹೇಗೆ ಬರೆದುಕೊಟ್ಟರೆ ಮಂತ್ರಿಗಳು ನುಣುಚಿಕೊಳ್ಳಲು ಆಗುವುದಿಲ್ಲ? ಶಿಕ್ಷಕರ ಕೊರತೆ ಬಗ್ಗೆ ನಮ್ಮ ಶಾಸಕರಿಗೆ ಬರೆದುಕೊಡಬೇಕಿದೆ. — ಶಾಲಾಭಿವೃದ್ಧಿ ಸಮಿತಿ ಸದಸ್ಯೆ, ಶಹಾಪುರ

ಬಹುತೇಕ ಪ್ರಶ್ನೆಗಳು ಕೆಡುವುದು ಮೊದಲ ಸಾಲಿನಲ್ಲೇ. ‘(ಅ) ಯಾದಗಿರಿ ಜಿಲ್ಲೆಯಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂದು ಕೇಳಿದರೆ, (ಅ)ಕ್ಕೆ ‘ಬಂದಿದೆ’ ಎಂದೂ (ಆ)ಕ್ಕೆ ‘ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ’ ಎಂದೂ ಬರೆದು ಕೈತೊಳೆದುಕೊಳ್ಳುತ್ತಾರೆ. (ಅ)ಕ್ಕೆ ‘ಬಂದಿಲ್ಲ’ ಎಂದುಬಿಟ್ಟರಂತೂ ಉಳಿದದ್ದಕ್ಕೆಲ್ಲ ‘ಉದ್ಭವಿಸುವುದಿಲ್ಲ’. ಹೀಗಾಗಿ ‘ಗಮನಕ್ಕೆ ಬಂದಿದೆಯೇ’ ಎಂಬುದನ್ನು ಕೈಬಿಟ್ಟು, ಒಂದು ಭಾಗದ ಉತ್ತರ ಇನ್ನೊಂದರ ಮೇಲೆ ನಿಲ್ಲದಂತೆ ಬರೆಯಿರಿ:

(ಅ) ಇಂಥ ದಿನಾಂಕಕ್ಕೆ ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು (ಶಾಲಾವಾರು, ವಿಷಯವಾರು ವಿವರ ನೀಡುವುದು);
(ಆ) ಖಾಲಿ ಹುದ್ದೆಗಳಲ್ಲಿ 371ಜೆ ಅಡಿಯ ಸ್ಥಳೀಯ ವೃಂದದವು ಎಷ್ಟು;
(ಇ) ಭರ್ತಿಯ ಪ್ರಸ್ತಾವ ಯಾವ ದಿನಾಂಕದಂದು, ಯಾವ ಕಡತ ಸಂಖ್ಯೆಯಲ್ಲಿ ಆರ್ಥಿಕ ಇಲಾಖೆಗೆ ಸಲ್ಲಿಕೆಯಾಗಿದೆ;
(ಈ) ನೇಮಕಾತಿ ಅಧಿಸೂಚನೆಯನ್ನು ಯಾವ ದಿನಾಂಕದೊಳಗೆ ಹೊರಡಿಸಲಾಗುವುದು?

ದಿನಾಂಕ, ಕಡತ ಸಂಖ್ಯೆ, ಎಣಿಕೆ, ಈ ಮೂರರಲ್ಲಿ ತಪ್ಪಿಸಿಕೊಳ್ಳುವ ಜಾಗ ಕಡಿಮೆ. ಮುಂದೆ ಕೋರ್ಟಿಗೆ ಹೋದರೆ ಉಪಯೋಗಕ್ಕೆ ಬರುವುದೂ ಇವೇ. ವ್ಯಾಪ್ತಿ ಮಾತ್ರ ಹಿಗ್ಗಿಸಬೇಡಿ. ‘ರಾಜ್ಯದ ಎಲ್ಲ ಶಾಲೆಗಳ ಹತ್ತು ವರ್ಷದ ವಿವರ’ ಎಂದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಬರೆಯಲು ನೀವೇ ದಾರಿ ಮಾಡಿಕೊಟ್ಟಂತೆ. ಸದನದ ಪ್ರಶ್ನೆಗೆ ಕಚೇರಿಗಳಲ್ಲಿ ಎಲ್‌ಎಕ್ಯೂ ಎನ್ನುತ್ತಾರೆ, ಪರಿಷತ್ತಿನದಾದರೆ ಎಲ್‌ಸಿಕ್ಯೂ. ಅದು ಸಚಿವಾಲಯದಿಂದ ಇಳಿದು ಕಲಬುರಗಿಯ ಅಪರ ಆಯುಕ್ತರ ಕಚೇರಿ, ಯಾದಗಿರಿಯ ಉಪನಿರ್ದೇಶಕರು, ಕೊನೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಜಿಗೆ ಬರುವ ಹೊತ್ತಿಗೆ ಒಂದೆರಡು ದಿನವೇ ಉಳಿದಿರುತ್ತದೆ. ಒಂದು ತಾಲ್ಲೂಕು, ಒಂದು ದಿನಾಂಕ ಎಂದರೆ ಬಿಇಒ ಕಚೇರಿ ಅಂದೇ ಅಂಕಿ ಕೊಡಬಲ್ಲದು.

ಚುಕ್ಕೆ ಗುರುತಿನದೋ, ಗುರುತಿಲ್ಲದ್ದೋ? ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಆದರೆ ದಿನಕ್ಕೆ ಕೆಲವೇ ಪ್ರಶ್ನೆಗಳಿಗೆ ಸರದಿ ಬರುತ್ತದೆ. ಅಂಕಿ-ಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ್ದೇ ಸಾಕು, ಲಿಖಿತ ಉತ್ತರ ಅನುಬಂಧದ ಸಮೇತ ಬರುತ್ತದೆ. ನಿಮ್ಮ ಶಾಸಕರು ಒಪ್ಪದಿದ್ದರೆ ಈಶಾನ್ಯ ಶಿಕ್ಷಕರ ಕ್ಷೇತ್ರದ, ಇಲ್ಲವೇ ಈಶಾನ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರನ್ನು ಕಾಣಿ. ಈ ವಿಷಯಕ್ಕೆ ಅವರೇ ಹೆಚ್ಚು ಹತ್ತಿರ.

ಮಂತ್ರಿಗಳು ಸದನದಲ್ಲಿ ಸುಳ್ಳು ಉತ್ತರ ಕೊಟ್ಟಿದ್ದಾರೆ ಎನ್ನಲು ನನ್ನ ಬಳಿ ದಾಖಲೆ ಇದೆ. ಕೇಸು ಹಾಕಬಹುದೇ? — ಓದುಗರು, ಬೀದರ್

ಆಗುವುದಿಲ್ಲ. ಸದನದಲ್ಲಿ ಆಡಿದ ಮಾತಿಗೆ ಯಾವ ನ್ಯಾಯಾಲಯದಲ್ಲೂ ಹೊಣೆ ಹೊರಿಸುವಂತಿಲ್ಲ ಎಂದು 194ನೇ ವಿಧಿಯ 2ನೇ ಖಂಡ ಹೇಳುತ್ತದೆ. ಸಂಸತ್ತಿಗೆ ಸಂಬಂಧಿಸಿದ ಇಂಥದೇ ರಕ್ಷಣೆಯ ವ್ಯಾಪ್ತಿ ಬಹಳ ವಿಶಾಲ ಎಂದು 1970ರ ತೇಜ್ ಕಿರಣ್ ಜೈನ್ ತೀರ್ಪಿನಲ್ಲೇ ಇದೆ. ಮತ ಹಾಕಲು ಅಥವಾ ಮಾತಾಡಲು ಲಂಚ ಪಡೆದರೆ ಈ ರಕ್ಷಣೆ ಇಲ್ಲ ಎಂದು 2024ರ ಮಾರ್ಚ್ 4ರ ಸೀತಾ ಸೋರೆನ್ ತೀರ್ಪು ಹೇಳಿದೆ, ಆದರೆ ಅದು ಬೇರೆ ಮಾತು.

ದಾಖಲೆಯನ್ನು ಸದಸ್ಯರೊಬ್ಬರಿಗೆ ಕೊಡಿ, ಅವರು ಹಕ್ಕುಚ್ಯುತಿ ಸೂಚನೆ (ಸದನದ ಹಕ್ಕಿಗೆ ಭಂಗ ತಂದರು ಎಂಬ ದೂರು) ಕೊಡಬಹುದು. ಇಲ್ಲಿ ಹೆಚ್ಚಿನವರು ಸೋಲುವುದು ಒಂದೇ ಕಾರಣಕ್ಕೆ: ಉತ್ತರ ತಪ್ಪು ಎಂದು ತೋರಿಸಿದರೆ ಸಾಲದು, ಗೊತ್ತಿದ್ದೂ ಬೇಕೆಂದೇ ತಪ್ಪು ಹೇಳಿದರು ಎಂದು ತೋರಿಸಬೇಕು. ಉತ್ತರದ ದಿನಾಂಕಕ್ಕೆ ಮೊದಲೇ ಸರಿಯಾದ ಅಂಕಿ ಮಂತ್ರಿಯ ಕಚೇರಿಗೆ ಹೋಗಿತ್ತು ಎನ್ನುವ ಕಡತದ ಪುಟ ಕೈಯಲ್ಲಿದ್ದರೆ ಮಾತ್ರ ಹಕ್ಕುಚ್ಯುತಿಗೆ ಕೈಹಾಕಿ. ಇಲ್ಲವಾದರೆ ‘ಉತ್ತರದಲ್ಲಿ ತಪ್ಪಿದೆ, ಸರಿಪಡಿಸಿ’ ಎಂದು ಸಭಾಧ್ಯಕ್ಷರಿಗೆ ಬರೆಯುವುದೇ ವಾಸಿ. ಲೋಕಸಭೆಯಲ್ಲಿ ಇದಕ್ಕೆಂದೇ ಸ್ಪೀಕರ್ ಅವರ ನಿರ್ದೇಶನ 115 ಇದೆ.

ಸುಳ್ಳಿಗೆ ಶಿಕ್ಷೆಯಾಗಬಹುದಾದ ಜಾಗ ಇನ್ನೊಂದಿದೆ. ರಿಟ್ ಅರ್ಜಿಗೆ ಸರ್ಕಾರ ಸಲ್ಲಿಸುವ ಆಕ್ಷೇಪಣೆಯ ಜೊತೆಗೆ ಅಧಿಕಾರಿಯೊಬ್ಬರು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಅದರಲ್ಲಿ ಬೇಕೆಂದೇ ಸುಳ್ಳು ಬರೆದರೆ ಭಾರತೀಯ ನ್ಯಾಯ ಸಂಹಿತೆಯಡಿ ಸುಳ್ಳು ಸಾಕ್ಷ್ಯದ ಅಪರಾಧ. ಸದನದಲ್ಲಿ ಬಾರದ ಅಂಕಿ ಕೆಲವೊಮ್ಮೆ ಕೋರ್ಟಿನ ಪ್ರಮಾಣಪತ್ರದಲ್ಲಿ ಬಂದುಬಿಡುವುದು ಈ ಭಯಕ್ಕೇ.

ಕಲಬುರಗಿ ಪೀಠದಲ್ಲಿ ರಿಟ್ ಹಾಕುವ ಕ್ರಮ ಹೇಗೆ? ಎಲ್ಲಿ ಎಡವುತ್ತಾರೆ? — ಓದುಗರು, ಸುರಪುರ

ಕಲಬುರಗಿ ಪೀಠ 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳು ಅದರ ವ್ಯಾಪ್ತಿ. ನಿಮಗೆ ಬೆಂಗಳೂರಿನ ದಾರಿ ಹಿಡಿಯುವ ಅಗತ್ಯವಿಲ್ಲ.

ಮೊದಲು ಮನವಿ. 226ನೇ ವಿಧಿಯಡಿ ಪರಮಾದೇಶ (ಕರ್ತವ್ಯ ಮಾಡಿ ಎಂದು ಅಧಿಕಾರಿಗೆ ಹೈಕೋರ್ಟ್ ಕೊಡುವ ಆದೇಶ) ಕೇಳುವವರು ಮೂರು ಸಂಗತಿ ತೋರಿಸಬೇಕು: ಅಧಿಕಾರಿಗೆ ಕಾನೂನಿನ ಕರ್ತವ್ಯ ಇದೆ, ನೀವು ಅದನ್ನು ಕೇಳಿದ್ದೀರಿ, ಅವರು ಮಾಡಿಲ್ಲ. ಯಾವ ನಿಯಮ, ಯಾವ ಆದೇಶ ಎಂದು ಉಲ್ಲೇಖಿಸಿ ಸಂಬಂಧಪಟ್ಟ ಅಧಿಕಾರಿಗೇ ನೋಂದಾಯಿತ ಅಂಚೆಯಲ್ಲಿ ಮನವಿ ಕಳಿಸಿ, ಸ್ವೀಕೃತಿ ಜೋಪಾನ ಮಾಡಿ. ತಿಂಗಳು, ಒಂದೂವರೆ ತಿಂಗಳು ಕಾಯಿರಿ. ಮುಖ್ಯಮಂತ್ರಿಗೆ, ರಾಜ್ಯಪಾಲರಿಗೆ, ಹತ್ತು ಕಡೆ ಪ್ರತಿ ಕಳಿಸಿ ನಿಜವಾದ ಅಧಿಕಾರಿಗೇ ಕಳಿಸದೆ ಬಿಡುವವರು ಬಹಳ. ಅಂಥ ಮನವಿಯಿಂದ ಕೋರ್ಟಿನಲ್ಲಿ ಪ್ರಯೋಜನ ಇಲ್ಲ.

ಪ್ರತಿವಾದಿ ಇಲಾಖೆಯ ಪ್ರಧಾನ ಕಾರ್ಯದರ್ಶಿ ಮತ್ತು ಕೆಲಸ ಮಾಡಬೇಕಾದ ಜಿಲ್ಲಾ ಅಧಿಕಾರಿ. ವೈಯಕ್ತಿಕ ದುರುದ್ದೇಶದ ಆರೋಪ ಇಲ್ಲದಿದ್ದರೆ ಮಂತ್ರಿಯ ಹೆಸರು ಬೇಡ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆದ್ದರಿಂದ ಕನ್ನಡ ಕಾಗದಗಳಿಗೆ ಅನುವಾದ ಜೋಡಿಸಬೇಕು. ಅನುಬಂಧಗಳು ಹೆಚ್ಚಿದ್ದರೆ ಈ ಖರ್ಚು ಏರುತ್ತದೆ, ಬೇಕಾದ ಕಾಗದವನ್ನಷ್ಟೇ ಆರಿಸಿ. ಕೋರಿಕೆಯಲ್ಲಿ ‘ಮನವಿ ಪರಿಗಣಿಸಲು ಆದೇಶಿಸಿ’ ಎಂದು ಮಾತ್ರ ಕೇಳಿದರೆ ಆ ಆದೇಶ ಬೇಗ ಸಿಗಬಹುದು, ಆದರೆ ಬಳಿಕ ಅಧಿಕಾರಿ ‘ಪರಿಗಣಿಸಿ ತಿರಸ್ಕರಿಸಲಾಗಿದೆ’ ಎಂದು ಹಿಂಬರಹ ಕೊಟ್ಟರೆ ಮತ್ತೆ ಮೊದಲಿನಿಂದ ನಡೆಯಬೇಕು. ಆಗಬೇಕಾದ ಕೆಲಸವನ್ನೇ, ಗಡುವಿನ ಸಮೇತ ಕೇಳಿ. ಸರ್ಕಾರಿ ನೌಕರರ ಸೇವಾ ವಿಷಯವಾದರೆ ಮೊದಲು ಹೋಗಬೇಕಾದದ್ದು ಆಡಳಿತ ನ್ಯಾಯಮಂಡಳಿಗೆ, ಅದರ ಪೀಠವೂ ಕಲಬುರಗಿಯಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು; 15100ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು: ನ್ಯಾಯಾಲಯದ ಮುಂದಿರುವ ವಿಷಯದ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ ಎಂಬ ನಿಯಮ ಇದೆ. ನೀವು ಆತುರಪಟ್ಟು ರಿಟ್ ಹಾಕಿದರೆ ‘ವಿಷಯ ನ್ಯಾಯಾಲಯದಲ್ಲಿದೆ’ ಎಂಬ ಒಂದೇ ಸಾಲಿನಿಂದ ಶಾಸಕರ ಪ್ರಶ್ನೆಯೂ ಸಾಯುತ್ತದೆ. ಮೊದಲು ಸದನದ ಉತ್ತರ ಕಾಗದದಲ್ಲಿ ಕೈಗೆ ಬರಲಿ, ಆಮೇಲೆ ಮನವಿ, ಅದಾದ ಮೇಲೆ ರಿಟ್. ಗೆದ್ದ ನಂತರ ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿಗೆ ಒಂದು ವರ್ಷದ ಕಾಲಮಿತಿ, ಆ ದಿನಾಂಕ ಈಗಲೇ ಗುರುತು ಹಾಕಿಡಿ.

ಶಾಸಕರು ಕೇಳಿದ ಪ್ರಶ್ನೆಯ ಉತ್ತರ ನಮ್ಮಂಥವರಿಗೆ ಸಿಗುತ್ತದೆಯೇ? — ಓದುಗರು, ಚಿಂಚೋಳಿ

ಸಿಗುತ್ತದೆ. ಎರಡೂ ಸದನಗಳ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ದಿನಾಂಕವಾರು ಇರುತ್ತವೆ. ಅನುಬಂಧ ಇಲ್ಲದಿದ್ದರೆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಬರದಿದ್ದರೆ ಮೊದಲ ಮೇಲ್ಮನವಿ, ಬಳಿಕ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಅರ್ಜಿಯಲ್ಲಿ ‘ಉತ್ತರ ಏಕೆ ಕೊಟ್ಟಿಲ್ಲ’ ಎಂದು ಕೇಳಬೇಡಿ. ‘ಇಂಥ ಸಂಖ್ಯೆಯ ಪ್ರಶ್ನೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’ ಎಂದು ಕೇಳಿ.

ರೈಲ್ವೆ ವಿಷಯದ ಪ್ರಶ್ನೆ ಯಾರ ಕಡೆಯಿಂದ ಕೇಳಿಸಬೇಕು? — ಓದುಗರು, ಗುರುಮಠಕಲ್

ಲೋಕಸಭಾ ಸದಸ್ಯರಿಂದ, ಕನಿಷ್ಠ 15 ದಿನ ಮುಂಚೆ ಸೂಚನೆ ಕೊಟ್ಟು. ನೀವು ಯಾದಗಿರಿ ಜಿಲ್ಲೆಯವರಾದರೂ ನಿಮ್ಮ ವಿಧಾನಸಭಾ ಕ್ಷೇತ್ರ ಸೇರಿರುವುದು ಕಲಬುರಗಿ ಲೋಕಸಭೆಗೆ. ಯಾದಗಿರಿ, ಶಹಾಪುರ, ಸುರಪುರದವರಿಗೆ ರಾಯಚೂರು. ಆಳಂದ, ಚಿಂಚೋಳಿಯವರಿಗೆ ಬೀದರ್. ಪತ್ರ ಬೇರೆ ಸದಸ್ಯರ ಕಚೇರಿಗೆ ಹೋದರೆ ಸುತ್ತಿ ಬರುವಷ್ಟರಲ್ಲಿ ಸೂಚನೆಯ ಅವಧಿ ಮುಗಿದಿರುತ್ತದೆ.